ಒಂದೇ ಬಂಗಾರ, ಮೂರು ಲೆಕ್ಕ: ಮಲೆನಾಡಿನ ಕುಟುಂಬವೊಂದರ 13 ವರ್ಷ

ಈ ಪ್ರಕರಣದ ಕುಟುಂಬ ಮಲೆನಾಡಿನದು. ಗುರುತು ಸಿಗಬಾರದೆಂದು ಊರಿನ ಹೆಸರು ಕೊಟ್ಟಿಲ್ಲ, ವಯಸ್ಸು ಮತ್ತು ಮನೆಯ ವಿವರಗಳನ್ನು ತುಸು ಬದಲಿಸಿದೆ. ಮೊತ್ತಗಳನ್ನು ಹತ್ತಿರದ ಅಂಕಿಗೆ ತಂದಿದೆ. ಚಿನ್ನ ಒಳ್ಳೆಯ ಹೂಡಿಕೆಯೇ ಅಲ್ಲವೇ ಎಂದು ಕೇಳುವವರಿಗೆ ಸಾಮಾನ್ಯವಾಗಿ ದರದ ಪಟ್ಟಿ ತೋರಿಸುತ್ತಾರೆ. ಈ ಮನೆಯವರ ಕೈಗೆ ಬಂದ ಹಣಕ್ಕೂ ಆ ಪಟ್ಟಿಗೂ ಎಷ್ಟೋ ಕಡೆ ತಾಳೆಯೇ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಿದೆ.

ಹಣ ಬಂದದ್ದು, ಹಂಚಿದ್ದು

ಗಂಡನಿಗೆ 3 ಎಕರೆ ಅಡಿಕೆ ತೋಟ. ಹೆಂಡತಿ ಅನುದಾನಿತ ಶಾಲೆಯ ಶಿಕ್ಷಕಿ. ಒಬ್ಬಳೇ ಮಗಳು, ಆಗ 9 ವರ್ಷ. 2012ರ ಅಕ್ಟೋಬರಿನಲ್ಲಿ ಗಂಡನ ಹೆಸರಿನಲ್ಲಿದ್ದ ಸೈಟೊಂದನ್ನು ಮಾರಿದಾಗ ತೆರಿಗೆ ಕಳೆದು 18 ಲಕ್ಷ ಉಳಿಯಿತು. ಮುಂದೆ ಮೂರು ಖರ್ಚು ಕಾಣುತ್ತಿದ್ದವು: 2021ಕ್ಕೆ ಮಗಳ ಕಾಲೇಜು, 2030ರ ಆಸುಪಾಸಿಗೆ ಮದುವೆ, ಆಮೇಲೆ ತಮ್ಮ ಮುಪ್ಪು.

ಆ ವರ್ಷ ಬಂಗಾರದ ಹೊರತು ಬೇರೆ ಮಾತೇ ಇರಲಿಲ್ಲ. 2005ರಲ್ಲಿ 10 ಗ್ರಾಂಗೆ ಸುಮಾರು 7,000 ರೂಪಾಯಿ ಇದ್ದದ್ದು 2012ರಲ್ಲಿ 31,000 ದಾಟಿತ್ತು. ಅದೇ ಹೊತ್ತಿನಲ್ಲಿ ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2008ರ ಜನವರಿಯ 21,000ದ ಶಿಖರವನ್ನು ನಾಲ್ಕು ವರ್ಷ ಕಳೆದರೂ ದಾಟಿ ನಿಂತಿರಲಿಲ್ಲ. ಹಾಗಾಗಿ ಮನೆಯ ಹಿರಿಯರ ಮಾತೇ ನಡೆಯಿತು. 18 ಲಕ್ಷದಲ್ಲಿ 8.82 ಲಕ್ಷ ಒಡವೆಗೆ, 1.70 ಲಕ್ಷ ಬ್ಯಾಂಕಿನಲ್ಲಿ ಕೊಂಡ 24 ಕ್ಯಾರೆಟ್‌ನ 10 ಗ್ರಾಂ ತೂಕದ ಐದು ನಾಣ್ಯಗಳಿಗೆ, 3 ಲಕ್ಷ ಶೇ. 9ರ ಬ್ಯಾಂಕ್ ಠೇವಣಿಗೆ, 1 ಲಕ್ಷ ಹೆಂಡತಿಯ ಹೆಸರಿನ ಸರ್ಕಾರಿ ಉಳಿತಾಯ ಯೋಜನೆ ಪಿಪಿಎಫ್‌ಗೆ ಹೋಯಿತು. ಬೆಂಗಳೂರಿನಲ್ಲಿದ್ದ ಭಾವಮೈದುನ ಜಗಳವಾಡಿ 2 ಲಕ್ಷವನ್ನು ಸೆನ್ಸೆಕ್ಸ್ ಹಿಂಬಾಲಿಸುವ ಇಂಡೆಕ್ಸ್ ಫಂಡಿಗೆ ಹಾಕಿಸಿದ. ಉಳಿದದ್ದು ತೋಟದ ಪಂಪು, ಪೈಪಿಗೆ.

ಒಡವೆಯ ಬಿಲ್ಲನ್ನು ಬಿಡಿಸಿ ನೋಡಬೇಕು, ಮುಂದಿನ ಕಥೆಯೆಲ್ಲ ಅದರಲ್ಲೇ ಇದೆ. ಒಟ್ಟು ತೂಕ 264 ಗ್ರಾಂ: ಕಾಸಿನ ಸರ 80, ಪಾಟಲಿ ಬಳೆಗಳು 70, ಹರಳಿನ ನೆಕ್ಲೇಸು 64, ಸರಪಳಿ ಮತ್ತು ಜುಮುಕಿ 50. 22 ಕ್ಯಾರೆಟ್ ದರ ಗ್ರಾಂಗೆ 2,900; ಅದರಂತೆ 7,65,600 ರೂಪಾಯಿ. ಅದರ ಮೇಲೆ ವೇಸ್ಟೇಜ್, ಮಜೂರಿ ಎಂದು ಶೇ. 14, ಅಂದರೆ 1,07,184. ತೆರಿಗೆ ಸೇರಿ 8.82 ಲಕ್ಷ. ನೆಕ್ಲೇಸಿನ ಹರಳು ಮತ್ತು ಅರಗಿನ ತೂಕ 9 ಗ್ರಾಂ. ಅದನ್ನೂ ಬಂಗಾರದ ದರದಲ್ಲೇ ತೂಗಿದ್ದರು. ಒಡವೆಯ ಮೇಲೆ 916 ಎಂಬ ಅಂಕಿ (ಶೇ. 91.6 ಶುದ್ಧ, ಅಂದರೆ 22 ಕ್ಯಾರೆಟ್) ಇತ್ತು, ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ಶುದ್ಧತೆಯ ಮುದ್ರೆ (ಹಾಲ್‌ಮಾರ್ಕ್) ಇರಲಿಲ್ಲ. ಆಗ ಹಾಲ್‌ಮಾರ್ಕ್ ಕಡ್ಡಾಯವೂ ಅಲ್ಲ. ಪರಿಚಯದ ಅಂಗಡಿ, ಹಾಗಾಗಿ ಯಾರೂ ಕೇಳಲಿಲ್ಲ.

ನಾಣ್ಯದ ಕಥೆ ಬೇರೆ. ಶುದ್ಧತೆಗೆ ಅನುಮಾನವಿಲ್ಲ, ಮುಚ್ಚಿದ ಪ್ಯಾಕಿನಲ್ಲಿ ಪ್ರಮಾಣಪತ್ರದ ಸಮೇತ ಬರುತ್ತದೆ. ಆದರೆ ಪೇಟೆಯಲ್ಲಿ 10 ಗ್ರಾಂಗೆ 31,500 ಇದ್ದ ದಿನ ಬ್ಯಾಂಕು ಹಿಡಿದದ್ದು ಶೇ. 8 ಹೆಚ್ಚು, 34,020. ತಾನು ಮಾರಿದ ನಾಣ್ಯವನ್ನು ಬ್ಯಾಂಕು ಮರಳಿ ಕೊಳ್ಳುವ ಹಾಗಿಲ್ಲ ಎಂಬುದು ಈ ದಂಪತಿಗೆ ಗೊತ್ತಾದದ್ದು ಮೂರು ವರ್ಷದ ನಂತರ.

ಮೊದಲ ಪೆಟ್ಟು

2013ರ ಏಪ್ರಿಲ್ ನಡುವಿನಲ್ಲಿ ಎರಡೇ ದಿನದ ವಹಿವಾಟಿನಲ್ಲಿ ಜಾಗತಿಕ ದರ ಕುಸಿದು ಬಿತ್ತು. ಇಲ್ಲಿಯೂ 10 ಗ್ರಾಂ 26,000ದ ಸುತ್ತ ಬಂತು. ಆ ವಾರ ಒಡವೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಮನೆಯವರೂ ಇನ್ನಷ್ಟು ಕೊಳ್ಳಲು ಠೇವಣಿ ಮುರಿಯುವ ಯೋಚನೆ ಮಾಡಿದ್ದರು. ಮುರಿಯಲಿಲ್ಲ. ತಿಳಿವಳಿಕೆಯಿಂದಲ್ಲ, ಅವಧಿಗೆ ಮುನ್ನ ತೆಗೆದರೆ ಬಡ್ಡಿ ಕಡಿತವಾಗುತ್ತದೆ ಎಂಬ ಜಿಪುಣತನದಿಂದ.

ಆ ವರ್ಷ ಡಾಲರ್ ಲೆಕ್ಕದಲ್ಲಿ ಬಂಗಾರ ಸುಮಾರು ಶೇ. 28 ಇಳಿಯಿತು. ರೂಪಾಯಿ ಲೆಕ್ಕದಲ್ಲಿ ಇಳಿಕೆ ಅದರ ಅರ್ಧವನ್ನೂ ಮುಟ್ಟಲಿಲ್ಲ. ನಮ್ಮ ಪೇಟೆಯ ದರ ಮೂರು ಸಂಖ್ಯೆಗಳ ಗುಣಾಕಾರ: ಡಾಲರ್ ದರ, ರೂಪಾಯಿ ವಿನಿಮಯ, ಆಮದು ಸುಂಕ. ಕೋಲಾರದ ಗಣಿ 2001ರ ಫೆಬ್ರವರಿಯಲ್ಲೇ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಿಂದ ವರ್ಷಕ್ಕೆ ಬರುವುದು ಒಂದೂವರೆ ಟನ್ನಿನ ಆಸುಪಾಸು, ದೇಶ ಕೊಳ್ಳುವುದು 700-800 ಟನ್. ಹೆಚ್ಚುಕಡಿಮೆ ಎಲ್ಲವೂ ಹಡಗು, ವಿಮಾನದಲ್ಲಿ ಬಂದದ್ದೇ. 2013ರ ಆಗಸ್ಟಿನಲ್ಲಿ ರೂಪಾಯಿ ಡಾಲರಿಗೆ 68ರವರೆಗೆ ಬಿತ್ತು. ಸುಂಕ ಜನವರಿಯಲ್ಲಿ ಶೇ. 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10 ಆಯಿತು. ಡಾಲರ್ ದರದಲ್ಲಿ ಆದ ನಷ್ಟದ ದೊಡ್ಡ ಪಾಲನ್ನು ಇವೆರಡೇ ಸೇರಿ ಮುಚ್ಚಿದವು.

ಅದೇ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಬಂತು. ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವನ್ನೇ ಕೊಡಲಿಲ್ಲ, ಫಸಲು ಅರ್ಧಕ್ಕಿಂತ ಹೆಚ್ಚು ಉದುರಿತು. ಅಕ್ಟೋಬರಿನಲ್ಲಿ 2 ಲಕ್ಷ ತುರ್ತಾಗಿ ಬೇಕಾಯಿತು. ಕಾಸಿನ ಸರ, ಬಳೆ ಸೇರಿ 150 ಗ್ರಾಂ ಒಡವೆಯನ್ನು ಪೇಟೆಯ ಖಾಸಗಿ ಫೈನಾನ್ಸ್ ಒಂದರಲ್ಲಿ ಅಡವಿಟ್ಟರು. ಅರ್ಧ ಗಂಟೆಯಲ್ಲಿ ಹಣ ಕೈಗೆ ಬಂತು, ಬಡ್ಡಿ ತಿಂಗಳಿಗೆ ಶೇ. 2. ‘ಎರಡು ರೂಪಾಯಿ ಬಡ್ಡಿ’ ಎಂದು ಕಿವಿಗೆ ಹಗುರವಾಗಿ ಕೇಳುತ್ತದೆ. ವರ್ಷಕ್ಕೆ ಅದು ಶೇ. 24. ಏಳು ತಿಂಗಳಿಗೆ 28,000 ರೂಪಾಯಿ ಕಟ್ಟಿದ ಮೇಲೆ, ಪಹಣಿ ಇದ್ದವರಿಗೆ ಬ್ಯಾಂಕಿನಲ್ಲಿ ಬಂಗಾರದ ಮೇಲೆಯೇ ಬೆಳೆಸಾಲ ಸಿಗುತ್ತದೆ ಎಂದು ಯಾರೋ ಹೇಳಿದರು. 3 ಲಕ್ಷದವರೆಗೆ ಶೇ. 7, ಒಂದು ವರ್ಷದೊಳಗೆ ತೀರಿಸಿದರೆ ಶೇ. 4. ಒಡವೆ ಬಿಡಿಸಿ ಅಲ್ಲಿಗೆ ಸಾಗಿಸಿದರು. 2014ರಲ್ಲಿ ಅಡಿಕೆಗೆ ದಾಖಲೆಯ ದರ ಬಂದು ಒಂಬತ್ತು ತಿಂಗಳಲ್ಲಿ ಸಾಲ ತೀರಿತು. ಅಷ್ಟಕ್ಕೂ ಆದ ಬಡ್ಡಿ ಸುಮಾರು 6,000. ಅದೇ ಒಡವೆ, ಅದೇ ಮೊತ್ತ.

2015: ಕರಗಿಸಿದಾಗ ಕಂಡದ್ದು

2015ರ ನವೆಂಬರ್ ಮೊದಲ ವಾರ ದರ 10 ಗ್ರಾಂಗೆ 26,000. ಮೂರು ವರ್ಷ ಕಾದದ್ದಕ್ಕೆ ಶೇ. 18ರಷ್ಟು ಇಳಿಕೆ. ಗಂಡನಿಗೆ ಸಾಕಾಗಿತ್ತು. ಎಲ್ಲ ಮಾರಿ ಮತ್ತೆ ಸೈಟು ಕೊಳ್ಳೋಣ ಎಂದ. ಹೆಂಡತಿ, ಮೊದಲು ಬೆಲೆ ಕಟ್ಟಿಸಿ ನೋಡೋಣ ಎಂದಳು. ಈ ಪ್ರಕರಣದ ದೊಡ್ಡ ತಿರುವು ಅಲ್ಲಿದೆ.

ಜಿಲ್ಲಾ ಕೇಂದ್ರದ ಪರೀಕ್ಷಾ ಕೇಂದ್ರದಲ್ಲಿ ಎಕ್ಸ್-ಕಿರಣ ಹಾಯಿಸಿ ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಇಟ್ಟಾಗ ಶುದ್ಧತೆ ಸರಾಸರಿ ಶೇ. 87.4 ಎಂದು ಬಂತು. ಬೆಸುಗೆ ಹೆಚ್ಚಿರುವ ಕೊಂಡಿಗಳ ಕಡೆ ಇನ್ನೂ ಕಡಿಮೆ. ಈ ಯಂತ್ರ ಒಡವೆಯ ಮೇಲ್ಪದರವನ್ನಷ್ಟೇ ಓದುತ್ತದೆ. ಮೇಲೆ ಬಂಗಾರದ ಪಾಲಿಶ್ ಇದ್ದರೆ ನಿಜಕ್ಕಿಂತ ಹೆಚ್ಚು ತೋರಿಸಬಹುದು. ಮಾರುವವರ ಎದುರಿಗೇ ಕರಗಿಸಿ, ಆಮೇಲೆ ಪರೀಕ್ಷಿಸಿದರೆ ಮಾತ್ರ ಇಬ್ಬರಿಗೂ ಒಪ್ಪುವ ಅಂಕಿ ಸಿಗುತ್ತದೆ. ಇವರ ಸರ ಮತ್ತು ನೆಕ್ಲೇಸನ್ನು ಕರಗಿಸಿ ನೋಡಿದಾಗಲೂ ಅಷ್ಟೇ ಬಂತು.

ಲೆಕ್ಕ ಹೀಗಿತ್ತು. ಬಿಲ್ಲಿನ ಪ್ರಕಾರ 264 ಗ್ರಾಂ, ಶೇ. 91.6 ಎಂದರೆ 241.8 ಗ್ರಾಂ ಶುದ್ಧ ಬಂಗಾರ ಇರಬೇಕು. ಹರಳು, ಅರಗು ಕಳೆದು 255 ಗ್ರಾಂ, ಶೇ. 87.4 ಎಂದರೆ 222.9 ಗ್ರಾಂ. ಕರಗಿಸುವ ಸವೆತ, ಅಂಗಡಿಯ ಕಡಿತ ಎಂದು ಶೇ. 2 ಹೋದರೆ ಕೈಗೆ 5.68 ಲಕ್ಷ. ಕೊಟ್ಟದ್ದು 8.82 ಲಕ್ಷ. ಪೇಟೆ ದರ ಇಳಿದದ್ದು ಶೇ. 18, ಇವರ ಹಣ ಕರಗಿದ್ದು ಶೇ. 36.

ಆ 3.14 ಲಕ್ಷದ ನಷ್ಟದಲ್ಲಿ ದರ ಇಳಿಕೆಯ ಪಾಲು 1.26 ಲಕ್ಷ ಮಾತ್ರ. ಮಜೂರಿ ಮತ್ತು ತೆರಿಗೆಯದು 1.16 ಲಕ್ಷ, ಕಡಿಮೆ ಶುದ್ಧತೆ ಮತ್ತು ಹರಳಿನದು 60,000, ಕರಗಿಸುವಾಗಿನ ಕಡಿತ ಸುಮಾರು 12,000. ಅಂದರೆ ಜಾಗತಿಕ ದರ ನಿಗದಿಯಾಗುವ ಲಂಡನ್ನಿನ ಪೇಟೆ ಇವರಿಂದ ಕಸಿದುಕೊಂಡದ್ದಕ್ಕಿಂತ ತಾಲೂಕು ಕೇಂದ್ರದ ತಕ್ಕಡಿ ಕಸಿದುಕೊಂಡದ್ದೇ ಹೆಚ್ಚು. ಅಂಗಡಿಯವರನ್ನು ಕೇಳಿದಾಗ ಬಂದ ಉತ್ತರ ‘ನಮ್ಮಲ್ಲೇ ಬದಲಾಯಿಸಿಕೊಂಡರೆ ಪೂರ್ತಿ ಬೆಲೆ ಕೊಡುತ್ತೇವೆ’. ಬದಲಾಯಿಸಿಕೊಂಡರೆ ಹೊಸ ಒಡವೆಗೆ ಮತ್ತೆ ಮಜೂರಿ ಕೊಡಬೇಕು ಎಂಬುದನ್ನು ಅವರು ಹೇಳಲಿಲ್ಲ.

ಈಗಿನ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ, ಪರೀಕ್ಷಿಸಿದ ಕೇಂದ್ರ ಕಾಣುತ್ತದೆ. ಶುದ್ಧತೆಯ ಮೋಸ ಇದರಿಂದ ತಗ್ಗುತ್ತದೆ. ಮಜೂರಿ ಮತ್ತು ಹರಳಿನ ತೂಕಕ್ಕೆ ಎಚ್‌ಯುಐಡಿ ಏನೂ ಮಾಡಲಾರದು. ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳುವುದು ಕೊಳ್ಳುವವರ ಕೆಲಸ.

ಎಲ್ಲ ಮಾರಲೂ ಇಲ್ಲ, ಎಲ್ಲ ಇಟ್ಟುಕೊಳ್ಳಲೂ ಇಲ್ಲ

ಸೈಟಿನ ಆಸೆಗೆ ತಡೆ ಹಾಕಿದ್ದು ಭಾವಮೈದುನ. ಆ ನವೆಂಬರಿನಲ್ಲೇ ಸರ್ಕಾರ ಸಾವರಿನ್ ಗೋಲ್ಡ್ ಬಾಂಡಿನ (ಬಂಗಾರದ ದರಕ್ಕೆ ಕಟ್ಟಿದ ಸರ್ಕಾರಿ ಸಾಲಪತ್ರದ) ಮೊದಲ ಕಂತು ತೆರೆದಿತ್ತು. ಗ್ರಾಂಗೆ 2,684 ರೂಪಾಯಿ, 8 ವರ್ಷದ ಅವಧಿ, ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಶೇ. 2.75 ಬಡ್ಡಿ, ಐದನೇ ವರ್ಷದಿಂದ ಬೇಕಾದರೆ ಹೊರಬರಬಹುದು. ಪೇಟೆಯ ದರಕ್ಕಿಂತ ಬಾಂಡಿನ ದರ ತುಸು ಹೆಚ್ಚೇ ಇತ್ತು, ಅದಕ್ಕೇ ಹಲವರು ಮೂಗು ಮುರಿದರು.

ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಒಡವೆಯನ್ನು ಎರಡು ಗುಡ್ಡೆ ಮಾಡಿದರು. ಹೆಂಡತಿ ನಿಜವಾಗಿ ಹಾಕಿಕೊಳ್ಳುವ ಬಳೆ, ಸರಪಳಿ, ಜುಮುಕಿ 120 ಗ್ರಾಂ ಒಂದು ಕಡೆ. ಮೂರು ವರ್ಷದಲ್ಲಿ ಎರಡೇ ಮದುವೆಗೆ ಲಾಕರಿನಿಂದ ಹೊರಬಂದಿದ್ದ ಕಾಸಿನ ಸರ ಮತ್ತು ನೆಕ್ಲೇಸು 144 ಗ್ರಾಂ ಇನ್ನೊಂದು ಕಡೆ. ಎರಡನೆಯ ಗುಡ್ಡೆ ಮಾರಾಟವಾಯಿತು. ಬಂದದ್ದು 3 ಲಕ್ಷ. ಅದರಲ್ಲಿ 2,68,400 ರೂಪಾಯಿಗೆ 100 ಗ್ರಾಂ ಬಾಂಡ್ ಕೊಂಡರು.

ನಷ್ಟದಲ್ಲಿ ಮಾರುವುದು ಯಾರಿಗೂ ಸಲೀಸಲ್ಲ. ಆದರೆ ಇಲ್ಲಿ ಬಂಗಾರದಿಂದ ಬಂಗಾರಕ್ಕೇ ಜಿಗಿದದ್ದರಿಂದ ಇಳಿದ ದರದಲ್ಲಿ ಮಾರಿದ ಹಾನಿ ಆಗಲಿಲ್ಲ. ಅದೇ ಇಳಿದ ದರದಲ್ಲೇ ಮರಳಿ ಕೊಂಡಿದ್ದರು. ಮಜೂರಿಯ ನಷ್ಟವಂತೂ ಬಿಲ್ ಕಟ್ಟಿದ ದಿನವೇ ಆಗಿಹೋಗಿತ್ತು. ಸೈಟಿಗೆ ಜಿಗಿದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ನಾಣ್ಯಗಳನ್ನೂ ಮಾರಲು ಹೊರಟಿದ್ದರು. ಬ್ಯಾಂಕು ಕೈಯೆತ್ತಿತು, ಅಂಗಡಿಯವರು ನಗದಿಗಾದರೆ ಶೇ. 3 ಕಡಿತ ಎಂದರು. ಬೇಸರದಿಂದ ಮರಳಿ ಲಾಕರಿಗೆ ಹಾಕಿದರು. ಆ ಬೇಸರ ಐದು ವರ್ಷದ ನಂತರ ಉಪಕಾರಕ್ಕೆ ಬಂತು.

ಲಾಕ್‌ಡೌನ್ ತಿಂಗಳುಗಳು

2020ರ ಜನವರಿಯಲ್ಲಿ ಸೆನ್ಸೆಕ್ಸ್ 41,900ರ ಹತ್ತಿರ. 18,700ರ ಸುಮಾರಿಗೆ ಹಾಕಿದ್ದ 2 ಲಕ್ಷ, ಲಾಭಾಂಶ ಬಿಟ್ಟು ಸೂಚ್ಯಂಕದ ಏರಿಕೆಯಷ್ಟನ್ನೇ ಹಿಡಿದರೂ 4.5 ಲಕ್ಷ ಆಗಿತ್ತು. ಮಾರ್ಚ್ 23ಕ್ಕೆ ಸೂಚ್ಯಂಕ 25,981. ಅದೇ ಹಣ 2.8 ಲಕ್ಷ. ಅಡಿಕೆ ಮಂಡಿಗಳು ಮುಚ್ಚಿದ್ದವು, ಅಂಗಳದಲ್ಲಿ ಒಣಗಿದ ಮಾಲಿದ್ದರೂ ಕೊಳ್ಳುವವರಿಲ್ಲ. ಕೂಲಿಗೆ, ಮನೆ ಖರ್ಚಿಗೆ ಏಪ್ರಿಲ್ ನಡುವಿನಲ್ಲಿ 1.5 ಲಕ್ಷ ಬೇಕಾಯಿತು. ಫಂಡ್ ತೆಗೆಯುವ ಅರ್ಜಿ ಬರೆದೂ ಆಗಿತ್ತು.

ಕಳಿಸುವ ಮುನ್ನ ಭಾವಮೈದುನನಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಬಂಗಾರದ ದರ ಆಗ 46,000 ದಾಟಿತ್ತು. ಬ್ಯಾಂಕುಗಳು ಗಟ್ಟಿಗೆ, ಬಿಸ್ಕತ್ತಿಗೆ ಸಾಲ ಕೊಡುವುದಿಲ್ಲ, ಆದರೆ ಬ್ಯಾಂಕೇ ಮಾರಿದ ನಾಣ್ಯಕ್ಕೆ ಒಬ್ಬರಿಗೆ 50 ಗ್ರಾಂವರೆಗೆ ಕೊಡಬಹುದಿತ್ತು. ಇವರಲ್ಲಿ ಇದ್ದದ್ದು ಸರಿಯಾಗಿ 50 ಗ್ರಾಂ. 2.3 ಲಕ್ಷ ಬೆಲೆಯ ನಾಣ್ಯಗಳ ಮೇಲೆ 1.5 ಲಕ್ಷ ಸಾಲ, ಶೇ. 9 ಬಡ್ಡಿ. ಡಿಸೆಂಬರಿನಲ್ಲಿ ತೀರಿಸಿದಾಗ ಬಡ್ಡಿ ಸುಮಾರು 9,000 ಆಗಿತ್ತು.

ಸೂಚ್ಯಂಕ 30,500ರ ಸುತ್ತ ಇದ್ದಾಗ ಫಂಡಿನಿಂದ ತೆಗೆಯಬೇಕಿದ್ದ ಆ 1.5 ಲಕ್ಷ 2021ರ ಸೆಪ್ಟೆಂಬರಿಗೆ 2.9 ಲಕ್ಷವಾಯಿತು. 9,000 ಕೊಟ್ಟು 1.4 ಲಕ್ಷ ಉಳಿಸಿಕೊಂಡ ಹಾಗೆ. ಬಂಗಾರ ಶೇರಿಗಿಂತ ಹೆಚ್ಚು ಕೊಟ್ಟಿತೇ ಎಂದು ವಾದಿಸುವವರು ಸಾಮಾನ್ಯವಾಗಿ ಈ ಬಗೆಯ ಲಾಭವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಶೇರು ಬಿದ್ದ ದಿನ ಅಡವಿಡಲು ಬಂಗಾರ ಇದ್ದದ್ದರಿಂದಲೇ ಶೇರು ಉಳಿಯಿತು. ಇದಕ್ಕೆ 50 ಗ್ರಾಂ ಸಾಕಾಯಿತು. 300 ಗ್ರಾಂ ಬೇಕಿರಲಿಲ್ಲ.

ಶುಲ್ಕ ಕಟ್ಟುವ ವರ್ಷ

2021ರ ಸೆಪ್ಟೆಂಬರಿನಲ್ಲಿ ಮಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ 13 ಲಕ್ಷದ ಅಂದಾಜು. ‘ಇದಕ್ಕೇ ತಾನೇ ಬಂಗಾರ ಮಾಡಿಸಿದ್ದು’ ಎಂದು ಅಜ್ಜಿ ಲಾಕರ್ ಕೀಲಿ ತಂದಿಟ್ಟರು.

ಅಂದಿನ ದರ 10 ಗ್ರಾಂಗೆ 46,500. ಸುಮಾರು ಒಂಬತ್ತು ವರ್ಷದಲ್ಲಿ 31,500ರಿಂದ ಅಷ್ಟಕ್ಕೆ ಏರಿದ್ದು ವರ್ಷಕ್ಕೆ ಶೇ. 4.5ರ ಬೆಳವಣಿಗೆ. ಬ್ಯಾಂಕ್ ಠೇವಣಿ, ಮೊದಲ ಐದು ವರ್ಷ ಶೇ. 9ರಲ್ಲಿ, ಆಮೇಲೆ ಶೇ. 6.75ರಲ್ಲಿ, 3 ಲಕ್ಷದಿಂದ 6.12 ಲಕ್ಷವಾಗಿತ್ತು, ಬಡ್ಡಿಯ ಮೇಲಿನ ತೆರಿಗೆ ಕಳೆಯುವ ಮುನ್ನ ಶೇ. 8.4. ಸೆನ್ಸೆಕ್ಸ್ 59,000, ಲಾಭಾಂಶ ಬಿಟ್ಟೇ ಶೇ. 13.9. ಎಲ್ಲರೂ ಹೆದರಿದ್ದ ಶೇರು ಮುಂದೆ, ಎಲ್ಲರೂ ನೆಚ್ಚಿದ್ದ ಬಂಗಾರ ಹಿಂದೆ, ಯಾರೂ ಗಮನಿಸದ ಠೇವಣಿ ನಡುವೆ.

ಇದು ಅಪರೂಪವೇನಲ್ಲ. 1980ರಲ್ಲಿ ಇಲ್ಲಿ 10 ಗ್ರಾಂ ಸುಮಾರು 1,330 ಇತ್ತು, 2001ರಲ್ಲಿ ಸುಮಾರು 4,300. ಎರಡು ದಶಕ ವರ್ಷಕ್ಕೆ ಶೇ. 6ಕ್ಕೂ ಕಡಿಮೆ. ಆ ಕಾಲದ ಠೇವಣಿ ಬಡ್ಡಿ ಅದಕ್ಕಿಂತ ಎಷ್ಟೋ ಮೇಲಿತ್ತು. ಬಂಗಾರ ಹೀಗೆ ಹಲವು ವರ್ಷ ಅಲುಗಾಡದೆ ಮಲಗಿ, ಆಮೇಲೆ ನಾಲ್ಕೈದು ವರ್ಷದಲ್ಲಿ ಎಲ್ಲವನ್ನೂ ಒಟ್ಟಿಗೆ ಕೊಡುತ್ತದೆ. ಯಾವಾಗ ಏಳುತ್ತದೆ ಎಂದು ಕಾಯಲು ಶುಲ್ಕ ಕಟ್ಟುವ ದಿನಾಂಕಕ್ಕೆ ಪುರುಸೊತ್ತಿಲ್ಲ.

ಅಜ್ಜಿಯ ಕೀಲಿಯನ್ನು ಹಿಂದಿರುಗಿಸಿ ಠೇವಣಿ ತೆಗೆದರು. ಮುಂದಿನ ವರ್ಷ ಫಂಡಿನಿಂದ 2 ಲಕ್ಷ ತೆಗೆದರು. ಉಳಿದದ್ದನ್ನು ಹೆಂಡತಿಯ ಸಂಬಳ ಮತ್ತು 2023ರ ಬಾಂಡಿನ ಹಣ ತೂಗಿಸಿದವು.

ಬಾಂಡ್ ಮುಗಿದಾಗ

2023ರ ನವೆಂಬರ್ 30ರಂದು ಮೊದಲ ಕಂತಿನ ಬಾಂಡುಗಳ ಅವಧಿ ಮುಗಿಯಿತು. ಗ್ರಾಂಗೆ 6,132 ರೂಪಾಯಿಯಂತೆ 6,13,200 ಖಾತೆಗೆ ಬಂತು. ಎಂಟು ವರ್ಷ ಆರಾರು ತಿಂಗಳಿಗೆ ಬಂದ ಬಡ್ಡಿ ಒಟ್ಟು 59,000. ದರದ ಏರಿಕೆ ವರ್ಷಕ್ಕೆ ಶೇ. 10.9, ಬಡ್ಡಿ ಸೇರಿದರೆ ಶೇ. 13ಕ್ಕೆ ತುಸು ಕಡಿಮೆ. ಬಡ್ಡಿಗೆ ತೆರಿಗೆ ಇದೆ. ಮೂಲತಃ ಕೊಂಡವರು ಅವಧಿ ಮುಗಿಯುವ ತನಕ ಇಟ್ಟಿದ್ದರೆ ಲಾಭಕ್ಕೆ ತೆರಿಗೆ ಇಲ್ಲ. ಅದೇ ಎಂಟು ವರ್ಷದಲ್ಲಿ ಸೆನ್ಸೆಕ್ಸ್ 26,100ರಿಂದ 67,000ಕ್ಕೆ ಏರಿತು, ವರ್ಷಕ್ಕೆ ಶೇ. 12.5, ಲಾಭಾಂಶ ಬೇರೆ. ಎರಡೂ ಹೆಚ್ಚುಕಡಿಮೆ ಭುಜಕ್ಕೆ ಭುಜ ಕೊಟ್ಟು ನಡೆದವು.

ಬಂದ ಹಣದಲ್ಲಿ ಅರ್ಧ ಕಾಲೇಜಿಗೆ ತೆಗೆದಿಟ್ಟು, ಉಳಿದರ್ಧದಲ್ಲಿ 2024ರ ಫೆಬ್ರವರಿಯ ಕಂತಿನಲ್ಲಿ ಮತ್ತೆ 48 ಗ್ರಾಂ ಕೊಂಡರು. ಗ್ರಾಂಗೆ 6,263, ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೆ 50 ರೂಪಾಯಿ ರಿಯಾಯಿತಿ, ಬಡ್ಡಿ ಶೇ. 2.5. ಅದು ಮುಗಿಯುವುದು 2032ರಲ್ಲಿ. ಅದಾದ ಮೇಲೆ ಸರ್ಕಾರ ಹೊಸ ಕಂತು ತೆರೆದಿಲ್ಲ. ಹಳೆಯ ಕಂತುಗಳನ್ನು ಶೇರುಪೇಟೆಯಲ್ಲಿ ಕೊಳ್ಳಬಹುದು, ಆದರೆ ಎಷ್ಟೋ ಕಂತುಗಳು ಬಂಗಾರದ ದರಕ್ಕಿಂತ ಮೇಲೆಯೇ ವಹಿವಾಟಾದದ್ದೂ ಇದೆ. ಕಾಗದದ ಬಂಗಾರ ಬೇಕೆನ್ನುವವರಿಗೆ ಈಗ ಉಳಿದಿರುವ ಸರಳ ದಾರಿ ಶೇರಿನಂತೆ ಪೇಟೆಯಲ್ಲಿ ಕೊಳ್ಳುವ ಬಂಗಾರದ ಫಂಡ್, ಗೋಲ್ಡ್ ಇಟಿಎಫ್: ವರ್ಷಕ್ಕೆ ಒಂದಿಷ್ಟು ನಿರ್ವಹಣಾ ವೆಚ್ಚ, 12 ತಿಂಗಳು ದಾಟಿದರೆ ಲಾಭದ ಮೇಲೆ ಶೇ. 12.5 ತೆರಿಗೆ. ಆ್ಯಪ್‌ಗಳಲ್ಲಿ ಮಾರುವ ಡಿಜಿಟಲ್ ಗೋಲ್ಡ್ ಶೇರುಪೇಟೆಯ ನಿಯಂತ್ರಕ ಸೆಬಿಯ ನಿಯಂತ್ರಣಕ್ಕೆ ಬರುವುದಿಲ್ಲ.

2024ರ ಜುಲೈನ ಬಜೆಟ್‌ನಲ್ಲಿ ಸುಂಕ ಶೇ. 15ರಿಂದ 6ಕ್ಕೆ ಇಳಿದಾಗ ಹಿಂದಿನ ವಾರವಷ್ಟೇ ಒಡವೆ ಕೊಂಡಿದ್ದ ನೆಂಟರು ತಲೆಗೆ ಕೈ ಹೊತ್ತುಕೊಂಡರು. ಸುಂಕ ಏರಿದಾಗ ಆಗುವ ಲಾಭ ಯಾರ ಕಣ್ಣಿಗೂ ಬೀಳುವುದಿಲ್ಲ, ಇಳಿದಾಗ ಎಲ್ಲರಿಗೂ ಕಾಣುತ್ತದೆ.

ದರ ಲಕ್ಷ ದಾಟಿದ ಮೇಲೆ

2025ರ ಅಕ್ಟೋಬರ್ ಕೊನೆಗೆ 10 ಗ್ರಾಂಗೆ ಸುಮಾರು 1,20,000. 2012ರ 31,500ಕ್ಕೆ ಹೋಲಿಸಿದರೆ ವರ್ಷಕ್ಕೆ ಶೇ. 10.8. ನಾಲ್ಕು ವರ್ಷದ ಹಿಂದೆ ಶೇ. 4.5 ಎಂದು ಬೈಸಿಕೊಂಡದ್ದು ಇದೇ ಬಂಗಾರ, ಇದೇ ನಾಣ್ಯ. ಸೆನ್ಸೆಕ್ಸ್ ಅಷ್ಟೇ ಅವಧಿಗೆ 18,700ರಿಂದ 84,000, ಲಾಭಾಂಶ ಬಿಟ್ಟು ಶೇ. 12.3.

ಬಂಗಾರ 3.8 ಪಟ್ಟು ಆದದ್ದು ಎಲ್ಲಿಂದ ಎಂದು ಬಿಡಿಸಿದರೆ: ಔನ್ಸಿಗೆ ಸುಮಾರು 1,720 ಡಾಲರ್ ಇದ್ದದ್ದು 4,000 ಆಯಿತು, ಅದು 2.3 ಪಟ್ಟು. ಡಾಲರ್ ಸುಮಾರು 54 ರೂಪಾಯಿ ಇದ್ದದ್ದು 88 ಆಯಿತು, ಅದು 1.6 ಪಟ್ಟು. ಸುಂಕ ಶೇ. 4 ಇದ್ದದ್ದು 6, ಅದರ ಪಾಲು ಅಲ್ಪ. ಅಂದರೆ ಆ ಶೇ. 10.8ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರೂಪಾಯಿ ಸವೆದದ್ದರಿಂದಲೇ ಬಂದದ್ದು.

ಉಳಿಸಿಕೊಂಡ 120 ಗ್ರಾಂ ಒಡವೆಗೆ ಆ ದರದಲ್ಲಿ, ಕಡಿಮೆ ಶುದ್ಧತೆ, ಕಡಿತ ಎಲ್ಲ ಕಳೆದು 12.3 ಲಕ್ಷ ಬರುತ್ತಿತ್ತು. ಅದರ ಪಾಲಿನ ಖರ್ಚು 4 ಲಕ್ಷ, ವರ್ಷಕ್ಕೆ ಶೇ. 9. ಮೂರು ವರ್ಷದಲ್ಲಿ ಸುಮಾರು ಐದನೇ ಒಂದು ಪಾಲು ಹಣ ನುಂಗಿದ ಮಜೂರಿ ಮತ್ತು ಶುದ್ಧತೆಯ ನಷ್ಟ, 13 ವರ್ಷಕ್ಕೆ ಹರಡಿದಾಗ ವರ್ಷಕ್ಕೆ ಶೇ. 2ರ ಒಳಗೇ ಬಂತು. ಒಡವೆ ಹೂಡಿಕೆಯೇ ಅಲ್ಲ ಎನ್ನುವವರ ಮಾತು ಪೂರ್ತಿ ಸರಿಯಲ್ಲ. ಅಲ್ಪಾವಧಿಗೆ ಅದು ಘೋರ, ದೀರ್ಘಾವಧಿಗೆ ದುಬಾರಿ, ಅಷ್ಟೇ. ಲಾಕರ್ ಬಾಡಿಗೆಯನ್ನೂ ಸೇರಿಸಬೇಕು. ಇವರದು ವರ್ಷಕ್ಕೆ 2,500. ಕಳವು, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ, ಅಂದರೆ 2.5 ಲಕ್ಷ. ಒಳಗೆ ಇದ್ದ ಒಡವೆಯೇ 12 ಲಕ್ಷದ್ದು.

ಮಾರಿದ ಸೈಟು? 2025ರ ಆ ಹೊತ್ತಿಗೆ ಅದಕ್ಕೆ 55 ಲಕ್ಷ ಹೇಳುತ್ತಿದ್ದರು. 18 ಲಕ್ಷದಿಂದ ಲೆಕ್ಕ ಹಾಕಿದರೆ ಶೇ. 9. ಹೇಳುವ ದರಕ್ಕೂ ನೋಂದಣಿ ಮುಗಿದು ಖಾತೆಗೆ ಬರುವ ದುಡ್ಡಿಗೂ ಇರುವ ಅಂತರ ಮಾರಿದವರಿಗೆ ಗೊತ್ತು. ಜೊತೆಗೆ, ಶುಲ್ಕಕ್ಕೆ ಬೇಕಾದಾಗ ಸೈಟಿನ ಕಾಲುಭಾಗ ಕತ್ತರಿಸಿ ಮಾರಲು ಆಗುವುದಿಲ್ಲ.

ಆಗ ಎದುರಾದ ಹೊಸ ಸಮಸ್ಯೆ ಗೆಲುವಿನದು. ಒಡವೆ, ನಾಣ್ಯ, ಬಾಂಡ್ ಸೇರಿ ಬಂಗಾರ 24 ಲಕ್ಷಕ್ಕೆ ಹತ್ತಿರ. ಫಂಡಿನಲ್ಲಿ 6 ಲಕ್ಷ, ವರ್ಷಕ್ಕೆ 50,000ದಂತೆ ಕಟ್ಟುತ್ತ ಬಂದ ಪಿಪಿಎಫ್ 12 ಲಕ್ಷದ ಸುಮಾರು. ಒಟ್ಟಿನಲ್ಲಿ ಬಂಗಾರದ ಪಾಲು ಶೇ. 57. ಗಂಡ ಪಿಪಿಎಫ್‌ಗೆ ಕಟ್ಟುವುದನ್ನು ನಿಲ್ಲಿಸಿ ಅದನ್ನೂ ಬಂಗಾರಕ್ಕೇ ಹಾಕೋಣ ಎಂದ. 2012ರಲ್ಲಿ ಆಡಿದ್ದೂ ಇದೇ ಮಾತು ಎಂದು ಹೆಂಡತಿ ನೆನಪಿಸಿದಳು. ಧರಿಸುವ ಒಡವೆಯನ್ನು ಲೆಕ್ಕದಿಂದ ಹೊರಗಿಟ್ಟರೆ ಬಂಗಾರದ ಪಾಲು ಶೇ. 39, ಅದನ್ನು ಶೇ. 20ಕ್ಕೆ ತರುವುದೆಂದು ತೀರ್ಮಾನವಾಯಿತು. ಬಾಂಡ್ ಮುಟ್ಟುವಂತಿಲ್ಲ, ಮಾರಿದರೆ ತೆರಿಗೆ ವಿನಾಯಿತಿ ಹೋಗುತ್ತದೆ. ಉಳಿದದ್ದು ಐದು ನಾಣ್ಯ.

ಶೇ. 3 ಕಡಿತ ಕಳೆದು ಒಂದಕ್ಕೆ 1,16,400. ಐದನ್ನೂ ಮಾರಿದರೆ 5.82 ಲಕ್ಷ, ಅದರಲ್ಲಿ ಲಾಭ 4.12 ಲಕ್ಷ. ಶೇ. 12.5 ತೆರಿಗೆ, ಸೆಸ್ ಸೇರಿ 53,500 ರೂಪಾಯಿ ಎಂದು ಅಂಗಡಿಯಲ್ಲಿ ಯಾರೋ ಲೆಕ್ಕ ಹೇಳಿದ್ದರು. ಲೆಕ್ಕಪರಿಶೋಧಕರು ಮೊದಲು ಕೇಳಿದ್ದು ಬಿಲ್ ಯಾರ ಹೆಸರಿನಲ್ಲಿದೆ ಎಂದು. ಗಂಡನ ಹೆಸರಿನಲ್ಲಿತ್ತು. ಅವನ ಆದಾಯ ಕೃಷಿಯದು. ಅದರಾಚೆ ಉಳಿತಾಯ ಖಾತೆಯ ಅಲ್ಪ ಬಡ್ಡಿ. ದೇಶದ ನಿವಾಸಿಯ ಬೇರೆ ಆದಾಯ ಮೂಲ ವಿನಾಯಿತಿ ಮಿತಿಗಿಂತ ಕಡಿಮೆಯಿದ್ದರೆ, ಉಳಿದ ಮಿತಿಯನ್ನು ಬಂಗಾರದ ದೀರ್ಘಾವಧಿ ಲಾಭಕ್ಕೆ ಹೊಂದಿಸಿಕೊಳ್ಳಬಹುದು. 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಡಿ ಆ ಮಿತಿ 4 ಲಕ್ಷ. ಮೂರು ನಾಣ್ಯ ಮಾರಿದರೆ ಲಾಭ 2.47 ಲಕ್ಷ, ಮಿತಿಯ ಒಳಗೇ, ತೆರಿಗೆ ಸೊನ್ನೆ. ಐದನ್ನೂ ಒಂದೇ ವರ್ಷ ಮಾರಿದರೆ ಮಿತಿ ದಾಟುತ್ತದೆ. ದಾಟಿದರೆ ಕೃಷಿ ಆದಾಯವನ್ನೂ ಸೇರಿಸಿ ದರ ಲೆಕ್ಕ ಹಾಕುವ ನಿಯಮ ಜಾರಿಗೆ ಬರುತ್ತದೆ. 2012ರ ಬಿಲ್ ಪಿಪಿಎಫ್ ಪಾಸ್‌ಬುಕ್ಕಿನ ಒಳಗೆ ಮಡಿಚಿಟ್ಟದ್ದು ಸಿಕ್ಕಿತು. ಅದಿಲ್ಲದಿದ್ದರೆ ಕೊಂಡ ಬೆಲೆ ತೋರಿಸುವುದೇ ಕಷ್ಟವಾಗುತ್ತಿತ್ತು.

ಮೂರು ನಾಣ್ಯಗಳನ್ನು ಬಿಲ್ ಸಮೇತ ಮಾರಿ, ಹಣವನ್ನು ನೇರ ಖಾತೆಗೆ ಹಾಕಿಸಿಕೊಂಡರು. 3.49 ಲಕ್ಷದಲ್ಲಿ 1.5 ಲಕ್ಷ ಪಿಪಿಎಫ್‌ಗೆ, ಉಳಿದದ್ದು ಇಂಡೆಕ್ಸ್ ಫಂಡಿಗೆ, ಹತ್ತು ತಿಂಗಳ ಕಂತಿನಲ್ಲಿ. ಮಾರಾಟಕ್ಕೆ ಮುನ್ನ ಅಂಗಡಿಯವರು ಒಂದು ಪ್ಯಾಕನ್ನು ಒಡೆದು ನೋಡಬೇಕೆಂದಾಗ ಹೆಂಡತಿ ಒಪ್ಪಲಿಲ್ಲ. ಪ್ಯಾಕು ಒಡೆದ ನಾಣ್ಯಕ್ಕೆ ಬೇರೆ ಅಂಗಡಿಯಲ್ಲಿ ಮತ್ತೆ ಪರೀಕ್ಷೆ, ಮತ್ತೆ ಕಡಿತ. ದರ, ಕಡಿತ ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಕತ್ತರಿ ಹಾಕಲು ಬಿಟ್ಟಳು. ಉಳಿದೆರಡು ನಾಣ್ಯ ಮುಚ್ಚಿದ ಪ್ಯಾಕಿನಲ್ಲೇ ಲಾಕರಿನಲ್ಲಿ ಉಳಿದವು. ಹೊಸ ಆರ್ಥಿಕ ವರ್ಷ ಶುರುವಾಗುವ 2026ರ ಏಪ್ರಿಲ್ ತನಕ ಅವನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದರು.